ನಿಂತ ಕಾರಿನ ಹೊಗೆ ಏನು ಹೇಳುತ್ತದೆ?

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಊಹಿಸಬಹುದು. ನ್ಯಾಯಶಾಸ್ತ್ರವನ್ನು ಓದಹೊರಟ ವಿದ್ಯಾರ್ಥಿಗೆ ಇದು ಮೊದಲನೆಯ ಪಾಠ. ಎರಡನೆಯ ಪಾಠ ಇದಕ್ಕಿಂತ ಸ್ವಾರಸ್ಯವಾದುದು. ಬೆಂಕಿ ಇದೆಯೆಂದ ಮಾತ್ರಕ್ಕೆ ಹೊಗೆಯೂ ಇರಲೇಬೇಕೆಂದು ಹೇಳಲು ಬರುವುದಿಲ್ಲ. ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಉಂಟು, ಹೊಗೆ ಇಲ್ಲ. ಬೆಂಕಿಗೆ ಹಸಿ ಕಟ್ಟಿಗೆಯ ಸಂಬಂಧ ಒದಗಿದಾಗ ಮಾತ್ರ ಹೊಗೆ ಏಳುತ್ತದೆ ಎಂದು ನಮ್ಮ ತಾರ್ಕಿಕರು ಬಹು ಹಿಂದೆಯೇ ಹೇಳಿಟ್ಟಿದ್ದಾರೆ.

ಮೋಟಾರು ಕಾರಿನ ಎಂಜಿನ್ನಿಗೆ ಈ ಎರಡನೆಯ ಪಾಠ ಚೆನ್ನಾಗಿ ಅನ್ವಯಿಸುತ್ತದೆ. ಮನೆಯ ಮುಂದೆ ನಿಂತು, ಯಾರೂ ಅಕ್ಸಿಲರೇಟರನ್ನು ಒತ್ತದೆ, ತನ್ನ ಪಾಡಿಗೆ ತಾನು ಗುನುಗುತ್ತಿರುವ ನಾಲ್ಕು ಸಿಲಿಂಡರಿನ ಪೆಟ್ರೋಲು ಕಾರೊಂದನ್ನು ನೋಡಿ. ಅದರ ಎಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ಸುತ್ತುತ್ತಿರುತ್ತದೆ. ಎಂದರೆ ಅದರ ಒಡಲಿನಲ್ಲಿ ನಿಮಿಷಕ್ಕೆ 1600 ಸಲ ಬೆಂಕಿ ಹೊತ್ತಿ ಆರುತ್ತಿರುತ್ತದೆ. ಆದರೂ ಆರೋಗ್ಯವಾಗಿರುವ ಕಾರಿನ ಹಿಂದೆ, ಎಂಜಿನ್ ಬಿಸಿಯೇರಿದ ಮೇಲೆ, ಕಣ್ಣಿಗೆ ಕಾಣುವ ಹೊಗೆ ಇರುವುದಿಲ್ಲ, ಇರಕೂಡದು. ಕಂಡಿತೆಂದರೆ ಕೇಳಬೇಕಾದ ಪ್ರಶ್ನೆ ಒಂದೇ: ಒಳಗೆ ಬೀಳುತ್ತಿರುವ ಹಸಿ ಕಟ್ಟಿಗೆ ಯಾವುದು?

ಈ ಪ್ರಶ್ನೆಗೆ ಉತ್ತರ ತಿಳಿದಿರುವುದು ಕಾರಿನ ಒಡೆಯನಿಗೆ ಬಹಳ ಅಗತ್ಯ. ನಮ್ಮಲ್ಲಿ ಹತ್ತು ಹದಿನೈದು ವರ್ಷ ಸವೆದ ಕಾರುಗಳು ಕೈಯಿಂದ ಕೈಗೆ ದಾಟುತ್ತಲೇ ಇರುತ್ತವೆ. ಮಧ್ಯಮ ವರ್ಗದ ಸಂಸಾರವೊಂದು ಕೂಡಿಟ್ಟ ಹಣದಲ್ಲಿ ಅಂಥದೊಂದನ್ನು ಕೊಂಡು, ಆರು ತಿಂಗಳು ಕಳೆಯುವುದರೊಳಗೆ ಹಿಂದಿನಿಂದ ಹೊಗೆ ಕಂಡು, ಕಾರ್ಖಾನೆಗೆ ಒಯ್ದಾಗ ಕೇಳಬರುವ ಮಾತು ಸಾಮಾನ್ಯವಾಗಿ ಒಂದೇ: “ಎಂಜಿನ್ ಇಳಿಸಬೇಕು, ಸ್ವಾಮಿ.” ಆ ಮೂರು ಪದಗಳ ಬೆಲೆ ಕೆಲವು ವೇಳೆ ಕಾರಿನ ಬೆಲೆಯ ಅರ್ಧಕ್ಕೆ ಸಮನಾದೀತು. ಮೆಕ್ಯಾನಿಕ್ಕರನ್ನು ದೂರುವುದು ನನ್ನ ಉದ್ದೇಶವಲ್ಲ. ಅವರಲ್ಲಿ ಎಂಜಿನ್ನಿನ ನಾಡಿ ಹಿಡಿದು ರೋಗ ಹೇಳಬಲ್ಲ ಧನ್ವಂತರಿಗಳೂ ಇದ್ದಾರೆ. ಆದರೆ ಎಂಜಿನ್ನನ್ನು ನಿಜವಾಗಿಯೂ ಇಳಿಸಬೇಕಾದ ಹೊಗೆ ಯಾವುದು, ಕೆಲವು ನೂರು ರೂಪಾಯಿಯ ರಬ್ಬರಿನ ತುಂಡುಗಳಿಂದ ನಿಲ್ಲುವ ಹೊಗೆ ಯಾವುದು, ಏನೂ ಮಾಡದೆ ಸುಮ್ಮನಿದ್ದರೆ ಸಾಕಾದ ಹೊಗೆ ಯಾವುದು ಎಂಬ ವಿವೇಕ ಒಡೆಯನಿಗೂ ಸ್ವಲ್ಪ ಇದ್ದರೆ ಒಳ್ಳೆಯದು.

ಮೊದಲು ಸುಮ್ಮನಿರಬಹುದಾದ ಹೊಗೆಯ ಮಾತು.

ಪೆಟ್ರೋಲು ಉರಿದರೆ ನೀರು ಬರುತ್ತದೆ ಎಂದರೆ ಹಲವರು ನಂಬುವುದಿಲ್ಲ. ಪೆಟ್ರೋಲು ಎಂಬುದು ಇಂಗಾಲ ಮತ್ತು ಜಲಜನಕಗಳ ಸಂಯುಕ್ತಗಳ ಮಿಶ್ರಣ. ಗಾಳಿಯ ಆಮ್ಲಜನಕದೊಡನೆ ಅದು ಉರಿದಾಗ ಇಂಗಾಲದ ಡೈ ಆಕ್ಸೈಡೂ ನೀರಿನ ಹಬೆಯೂ ಹುಟ್ಟುತ್ತವೆ. ಲೆಕ್ಕ ಹಾಕಿ ನೋಡಿದರೆ ಒಂದು ಲೀಟರು ಪೆಟ್ರೋಲು ಪೂರ್ಣವಾಗಿ ಉರಿದಾಗ ಹೆಚ್ಚು ಕಡಿಮೆ ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ಬಿಸಿಯೇರಿದ ಕೊಳವೆಯಲ್ಲಿ ಅದು ಕಣ್ಣಿಗೆ ಕಾಣದ ಹಬೆಯಾಗಿ ಹೊರಗೆ ಹೋಗಿಬಿಡುತ್ತದೆ. ಆದರೆ ಮಡಿಕೇರಿಯ ಮಾಗಿಯ ಮುಂಜಾನೆಯಲ್ಲಿ, ರಾತ್ರಿಯೆಲ್ಲ ತಣ್ಣಗೆ ನಿಂತಿದ್ದ ಕಾರನ್ನು ಚಾಲೂ ಮಾಡಿದಾಗ, ಕೊಳವೆಯೂ ಸೈಲೆನ್ಸರೂ ತಣ್ಣಗಿರುವುದರಿಂದ ಹಬೆ ಅಲ್ಲಿಯೇ ಹನಿಗಟ್ಟುತ್ತದೆ. ಉಳಿದದ್ದು ಹೊರಗಿನ ಚಳಿಗೆ ಸಿಕ್ಕಿ ಬೆಳ್ಳಗೆ ಕಾಣುತ್ತದೆ. ಅದೇ ಚಳಿಯಲ್ಲಿ ನಮ್ಮ ಬಾಯಿಯಿಂದ ಹೊರಡುವ ಉಸಿರಿಗೂ ಇದಕ್ಕೂ ಭೇದವಿಲ್ಲ.

ಇಂಥ ಹೊಗೆ ಕೊಳವೆಯ ಬಾಯಿಂದ ಎರಡು ಮೂರು ಅಡಿ ಹೋಗುವುದರೊಳಗೆ ಗಾಳಿಯಲ್ಲಿ ಕರಗಿ ಮಾಯವಾಗುತ್ತದೆ. ವಾಸನೆ ಹೆಚ್ಚಾಗಿರುವುದಿಲ್ಲ. ಕೊಳವೆಯ ತುದಿಯಿಂದ ತೊಟ್ಟಿಕ್ಕುವ ಹನಿಗಳಲ್ಲಿ ಕೊಂಚ ಮಸಿ ಸೇರಿ ನೆಲದ ಮೇಲೆ ಕಪ್ಪು ಚುಕ್ಕೆಗಳಾದರೂ ಗಾಬರಿಪಡಬೇಕಾದ್ದಿಲ್ಲ. ಬಯಲುಸೀಮೆಯಲ್ಲಿ ಐದು ನಿಮಿಷ, ಮಲೆನಾಡಿನ ಚಳಿಯಲ್ಲಿ ಹತ್ತು ಹದಿನೈದು ನಿಮಿಷ ಓಡಿದ ಮೇಲೆ ಅದು ತಾನಾಗಿಯೇ ಅಡಗಬೇಕು. ಅಡಗಿದರೆ ಕಥೆ ಮುಗಿಯಿತು. ಇಷ್ಟಕ್ಕೇ ಹೆದರಿ ಕಾರ್ಖಾನೆಗೆ ಓಡುವವರೂ ಉಂಟು. ಅಂಥವರನ್ನು ಕಂಡರೆ ಕಾರ್ಖಾನೆಯವರಿಗೆ ಸಂತೋಷವಾಗುವುದು ಸಹಜ.

ಬಣ್ಣ ಎಲ್ಲಿಂದ ಬಂತು?

ಹೊಗೆಯಲ್ಲಿ ಬಿಳಿ, ನೀಲಿ, ಕಪ್ಪು ಎಂಬ ಭೇದ ಏಕೆ ಹುಟ್ಟುತ್ತದೆಂಬುದನ್ನು ಅರಿತರೆ ಪರೀಕ್ಷೆ ಸುಲಭವಾಗುತ್ತದೆ. ಹಳ್ಳಿಯ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತವರನ್ನು ಗಮನಿಸಿ. ಬೀಡಿಯ ತುದಿಯಿಂದ ತಾನಾಗಿ ಏಳುವ ಹೊಗೆ ನೀಲಿ. ಅದೇ ಬೀಡಿಯನ್ನು ಎಳೆದು ಬಾಯಿಂದ ಬಿಟ್ಟ ಹೊಗೆ ಬಿಳುಪು. ತುದಿಯ ಹೊಗೆಯ ಕಣಗಳು ಬೆಳಕಿನ ತರಂಗಕ್ಕಿಂತಲೂ ಕಿರಿದಾದವು. ಅಷ್ಟು ಸಣ್ಣ ಕಣಗಳು ಬೆಳಕಿನಲ್ಲಿರುವ ನೀಲಿಯನ್ನೇ ಹೆಚ್ಚಾಗಿ ಚೆದರಿಸುತ್ತವೆ. ಬಾಯೊಳಗಿನ ತೇವ ಹೀರಿ ದಪ್ಪವಾದ ಕಣಗಳು ಎಲ್ಲ ಬಣ್ಣಗಳನ್ನೂ ಒಂದೇ ಸಮನೆ ಚೆದರಿಸುವುದರಿಂದ ಬೆಳ್ಳಗೆ ಕಾಣುತ್ತವೆ. ಆಕಾಶದ ನೀಲಿಯೂ ಬೆಳಕಿನ ಚೆದರಿಕೆಯ ಫಲವೇ. ಸಮುದ್ರದ ನೀಲಿ ಬರಿಯ ಆಕಾಶದ ಪ್ರತಿಬಿಂಬವಲ್ಲ, ಅದಕ್ಕೂ ಚೆದರಿಕೆ ಕಾರಣ ಎಂದು ಸರ್ ಸಿ. ವಿ. ರಾಮನ್ನರು 1921ರ ಹಡಗಿನ ಪ್ರಯಾಣದ ನಂತರ ತೋರಿಸಿಕೊಟ್ಟರಷ್ಟೆ. ಬೀಡಿಯಿಂದ ಕಡಲಿನವರೆಗೆ ಬೆಳಕಿನ ಆಟ ಹೀಗೆ ಹಬ್ಬಿದೆ.

ಕಾರಿನಲ್ಲಿಯೂ ಹೀಗೆಯೇ. ಬಿಸಿಗೆ ಆವಿಯಾಗಿ ಮತ್ತೆ ಹೆಪ್ಪುಗಟ್ಟಿದ ಎಂಜಿನ್ ಎಣ್ಣೆಯ ಅತಿ ಸೂಕ್ಷ್ಮ ತುಂತುರು ನೀಲಿಯಾಗಿ ಕಾಣುತ್ತದೆ. ನೀರಿನ ದಪ್ಪ ಹನಿಗಳ ಹಬೆ ಬೆಳ್ಳಗೆ ಕಾಣುತ್ತದೆ. ಅರೆಬೆಂದ ಪೆಟ್ರೋಲಿನ ಮಸಿ ಬೆಳಕನ್ನು ಚೆದರಿಸುವ ಬದಲು ನುಂಗಿಬಿಡುತ್ತದೆ, ಅದು ಕಪ್ಪು. ಆದುದರಿಂದ ಬಣ್ಣವನ್ನು ನೋಡುವುದೆಂದರೆ ಹಸಿ ಕಟ್ಟಿಗೆಯ ಜಾತಿಯನ್ನು ನೋಡಿದಂತೆ. ನೀಲಿಯಾದರೆ ಎಣ್ಣೆ, ಬಿಳಿಯಾದರೆ ನೀರು, ಕಪ್ಪಾದರೆ ಮಿತಿಮೀರಿದ ಪೆಟ್ರೋಲು. ಸಂಜೆಯ ಮಬ್ಬಿನಲ್ಲಿ ಬೂದುಬಣ್ಣವನ್ನು ನೀಲಿಯೆಂದು ಭ್ರಮಿಸುವುದು ಸುಲಭ. ಹಗಲಿನಲ್ಲಿ, ಕಪ್ಪು ಗೋಡೆಯನ್ನೋ ಗಿಡದ ನೆರಳನ್ನೋ ಹಿನ್ನೆಲೆಯಾಗಿಟ್ಟುಕೊಂಡು ನೋಡಬೇಕು. ಸಂದೇಹ ಉಳಿದರೆ ಕೊಳವೆಯ ಬಾಯಿಂದ ಒಂದು ಗೇಣು ದೂರದಲ್ಲಿ ಬಿಳಿಯ ಕಾಗದವನ್ನು ಒಂದು ನಿಮಿಷ ಹಿಡಿಯಿರಿ. ನೀರಿನ ಕಲೆ ಆರಿಹೋಗುತ್ತದೆ. ಎಣ್ಣೆಯ ಜಿಡ್ಡು ಆರುವುದಿಲ್ಲ.

ಬಣ್ಣಕ್ಕಿಂತಲೂ ಮುಖ್ಯವಾದುದು ಹೊಗೆ ಬರುವ ಹೊತ್ತು. ಬಹುಮಂದಿ ಬಣ್ಣವನ್ನು ಮಾತ್ರ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ನೀಲಿ ಹೊಗೆಯ ವಿಷಯದಲ್ಲಂತೂ ಇದರಿಂದಲೇ ಹಣ ಪೋಲಾಗುವುದು.

ನೀಲಿಯ ಎರಡು ದಾರಿ

ಎಂಜಿನ್ನಿನ ಎಣ್ಣೆ ಇರತಕ್ಕದ್ದು ಕೆಳಗಿನ ತೊಟ್ಟಿಯಲ್ಲಿ ಮತ್ತು ಉಜ್ಜಾಡುವ ಭಾಗಗಳ ಮೇಲೆ. ಬೆಂಕಿ ಇರತಕ್ಕದ್ದು ಪಿಸ್ಟನ್ನಿನ ತಲೆಯ ಮೇಲೆ. ಇವೆರಡರ ನಡುವೆ ಕಾವಲುಗಾರರು ಎರಡು ಕಡೆ ಇದ್ದಾರೆ. ಕೆಳಗಿನ ಕಾವಲು ಪಿಸ್ಟನ್ನಿನ ಸುತ್ತ ತೊಡಿಸಿರುವ ಉಕ್ಕಿನ ಅಥವಾ ಬೀಡುಕಬ್ಬಿಣದ ಬಳೆಗಳು, ರೂಢಿಯ ಮಾತಿನಲ್ಲಿ ರಿಂಗುಗಳು. ಇವು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ಒರೆಸಿ ಕೆಳಕ್ಕೆ ಇಳಿಸುತ್ತವೆ. ಮೇಲಿನ ಕಾವಲು ವಾಲ್ವುಗಳ ಕಾಂಡಕ್ಕೆ ಹಾಕಿರುವ ಬೆರಳುತುದಿಯಷ್ಟು ದೊಡ್ಡ ರಬ್ಬರಿನ ಟೊಪ್ಪಿಗೆಗಳು. ಇವಕ್ಕೆ ವಾಲ್ವ್ ಸೀಲ್ ಎಂದು ಹೆಸರು. ಮೇಲ್ಭಾಗದಲ್ಲಿ ಸಿಡಿಯುವ ಎಣ್ಣೆ ವಾಲ್ವಿನ ಕಾಂಡದ ಗುಂಟ ಜಾರಿ ಸಿಲಿಂಡರಿಗೆ ಇಳಿಯದಂತೆ ಇವು ತಡೆಯುತ್ತವೆ.

ರಿಂಗು ಸವೆದರೆ ಎಂಜಿನ್ನನ್ನು ಬಿಚ್ಚದೆ ವಿಧಿಯಿಲ್ಲ. ರಬ್ಬರಿನ ಟೊಪ್ಪಿಗೆ ಕಾವಿಗೂ ವಯಸ್ಸಿಗೂ ಗಟ್ಟಿಯಾಗಿ ಬಿರಿದಿದ್ದರೆ, ಅನೇಕ ಎಂಜಿನ್ನುಗಳಲ್ಲಿ ಮೇಲಿನ ಮುಚ್ಚಳವನ್ನು ತೆಗೆದು, ಸ್ಪಾರ್ಕ್ ಪ್ಲಗ್ಗಿನ ರಂಧ್ರದ ಮೂಲಕ ಗಾಳಿಯ ಒತ್ತಡ ಕೊಟ್ಟು ವಾಲ್ವುಗಳು ಒಳಕ್ಕೆ ಬೀಳದಂತೆ ಹಿಡಿದು, ಹೊಸ ಟೊಪ್ಪಿಗೆ ತೊಡಿಸಬಹುದು. ಒಂದು ದಿನದ ಕೆಲಸ. ಎರಡು ರೋಗಗಳಿಗೂ ಹೊಗೆ ಒಂದೇ ನೀಲಿ. ಚಿಕಿತ್ಸೆಯ ವೆಚ್ಚದಲ್ಲಿ ಮಾತ್ರ ಅಜಗಜಾಂತರ.

ಇವೆರಡನ್ನು ಬೇರ್ಪಡಿಸಿ ತೋರಿಸುವುದೇ ನಿಂತ ಓಟ, ಮೆಕ್ಯಾನಿಕ್ಕರು ‘ಐಡಲ್’ ಎನ್ನುವ ಸ್ಥಿತಿ. ಅಕ್ಸಿಲರೇಟರನ್ನು ಬಿಟ್ಟಾಗ ಎಂಜಿನ್ನಿಗೆ ಗಾಳಿ ಹೋಗುವ ಬಾಗಿಲು ಮುಕ್ಕಾಲುಮೂರು ಪಾಲು ಮುಚ್ಚಿರುತ್ತದೆ. ಪಿಸ್ಟನ್ನುಗಳು ಮಾತ್ರ ಎಳೆಯುತ್ತಲೇ ಇರುತ್ತವೆ. ಹೀಗೆ ಬಾಗಿಲು ಮುಚ್ಚಿದ ಕೊಳವೆಯಿಂದ ಗಾಳಿ ಹೀರಿದಾಗ ಅಲ್ಲಿ ಪ್ರಬಲವಾದ ನಿರ್ವಾತ ಉಂಟಾಗುತ್ತದೆ. ಹೊರಗಿನ ವಾಯುಮಂಡಲದ ಒತ್ತಡ ಸಮುದ್ರಮಟ್ಟದಲ್ಲಿ 760 ಮಿಲಿಮೀಟರು ಪಾದರಸದಷ್ಟಿದ್ದರೆ, ಒಳಗಿನದು ಅದಕ್ಕಿಂತ 450ರಿಂದ 500 ಮಿಲಿಮೀಟರು ಕಡಿಮೆ ಇರುತ್ತದೆ. ಮಗು ಎಳನೀರಿನ ಕೊಳವೆಯನ್ನು ಹೀರುವ ಹಾಗೆ ಈ ನಿರ್ವಾತ ಬಿರಿದ ಟೊಪ್ಪಿಗೆಯ ಮೂಲಕ ಎಣ್ಣೆಯನ್ನು ಎಳೆದುಕೊಳ್ಳುತ್ತದೆ. ಕಾರು ಹೊರೆ ಹೊತ್ತು ಏರುತ್ತಿರುವಾಗ ಬಾಗಿಲು ತೆರೆದಿರುತ್ತದೆ, ನಿರ್ವಾತ ಇರುವುದಿಲ್ಲ. ಆಗ ಟೊಪ್ಪಿಗೆಯ ದೋಷ ಮರೆಯಾಗುತ್ತದೆ. ರಿಂಗುಗಳ ದೋಷ ಎದ್ದು ಕಾಣುವುದು ಸಾಮಾನ್ಯವಾಗಿ ಆ ಹೊರೆಯ ಹೊತ್ತಿನಲ್ಲಿಯೇ.

ಪರೀಕ್ಷೆಯ ಕ್ರಮ ಹೀಗೆ. ಕಾರನ್ನು ಹತ್ತು ಹದಿನೈದು ಕಿಲೋಮೀಟರು ಓಡಿಸಿ ಚೆನ್ನಾಗಿ ಬಿಸಿಮಾಡಿ, ಬಯಲಿನಲ್ಲಿ ನಿಲ್ಲಿಸಿ, ಎಂಜಿನ್ನನ್ನು ನಾಲ್ಕೈದು ನಿಮಿಷ ನಿಂತ ಓಟದಲ್ಲಿ ಬಿಡಿ. ಮಿತ್ರರೊಬ್ಬರನ್ನು ಹಿಂದೆ, ಗಾಳಿ ಬೀಸುವ ಕಡೆಯಲ್ಲಿ ನಿಲ್ಲಿಸಿ. ಬಳಿಕ ಅಕ್ಸಿಲರೇಟರನ್ನು ಒಮ್ಮೆ ಒತ್ತಿ ಬಿಡಿ. ಅಷ್ಟು ಹೊತ್ತು ಸೇರಿಕೊಂಡಿದ್ದ ಎಣ್ಣೆ ಒಮ್ಮೆಗೇ ಉರಿದು ದಟ್ಟವಾದ ನೀಲಿಯ ಮುದ್ದೆ ಹೊರಬಿದ್ದು, ಮತ್ತೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ತಿಳಿಯಾದರೆ ಸಂದೇಹಪಡಬೇಕಾದ್ದು ಟೊಪ್ಪಿಗೆಗಳನ್ನು. ಎಷ್ಟು ಒತ್ತಿದರೂ, ಏರಿನಲ್ಲಿ ಓಡಿಸಿದರೂ ಹೊಗೆ ಎಡೆಬಿಡದೆ ಬರುತ್ತಲೇ ಇದ್ದರೆ ರಿಂಗುಗಳನ್ನು.

ಘಟ್ಟದ ಸೀಮೆಯವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷಾಶಾಲೆ ಮನೆಯ ಬಾಗಿಲಲ್ಲೇ ಇದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯನ್ನು ಗೇರಿನಲ್ಲೇ, ಅಕ್ಸಿಲರೇಟರ್ ಬಿಟ್ಟು ಇಳಿಯುವಾಗ ನಿರ್ವಾತ ನಿಂತ ಓಟದಲ್ಲಿರುವುದಕ್ಕಿಂತಲೂ ಹೆಚ್ಚಾಗಿರುತ್ತದೆ. ತಪ್ಪಲು ಮುಟ್ಟಿ ಮೊದಲ ಸಲ ಅಕ್ಸಿಲರೇಟರ್ ಒತ್ತಿದಾಗ ಹಿಂದಿನ ಗಾಡಿಯವನು ಮೂಗು ಮುಚ್ಚಿಕೊಳ್ಳುವಷ್ಟು ನೀಲಿ ಮೋಡ ಎದ್ದರೆ, ಟೊಪ್ಪಿಗೆಗಳು ಅಥವಾ ಅವು ಕುಳಿತಿರುವ ವಾಲ್ವಿನ ಮಾರ್ಗದರ್ಶಕ ಕೊಳವೆಗಳು ಸವೆದಿವೆಯೆಂದು ತಿಳಿಯಬಹುದು. ರಾತ್ರಿ ನಿಂತಿದ್ದ ಕಾರು ಬೆಳಿಗ್ಗೆ ಚಾಲೂ ಆದೊಡನೆ ಒಂದು ಉಸಿರು ನೀಲಿ ಬಿಟ್ಟು ಅರೆನಿಮಿಷದಲ್ಲಿ ಶಾಂತವಾಗುವುದೂ ಇದೇ ರೋಗದ ಲಕ್ಷಣ. ರಾತ್ರಿಯಿಡೀ ಒಂದೊಂದೇ ಹನಿ ಜಾರಿ ಕೆಳಗೆ ಕಾದಿರುತ್ತದೆ.

ಕಾರ್ಖಾನೆಯವರು ಎಂಜಿನ್ ಇಳಿಸಲೇಬೇಕೆಂದು ಪಟ್ಟುಹಿಡಿದರೆ ತಾವು ಒಂದು ಸಾಕ್ಷಿಯನ್ನು ಕೇಳಬಹುದು. ಪ್ರತಿಯೊಂದು ಸ್ಪಾರ್ಕ್ ಪ್ಲಗ್ಗನ್ನೂ ತೆಗೆದು, ಆ ರಂಧ್ರಕ್ಕೆ ಒತ್ತಡಮಾಪಕವನ್ನು ಇಟ್ಟು ಎಂಜಿನ್ನನ್ನು ಸೆಲ್ಫಿನಿಂದ ತಿರುಗಿಸಿದರೆ ಸಿಲಿಂಡರು ಎಷ್ಟು ಒತ್ತಡ ಹಿಡಿಯುತ್ತದೆಂಬುದು ಗೊತ್ತಾಗುತ್ತದೆ. ಒಂದು ಸಿಲಿಂಡರು ಉಳಿದವಕ್ಕಿಂತ ಬಹಳ ಕೆಳಗಿದ್ದರೆ ಅದರೊಳಕ್ಕೆ ಒಂದು ಚಮಚ ಎಂಜಿನ್ ಎಣ್ಣೆ ಹಾಕಿ ಮತ್ತೆ ಅಳೆಯಬೇಕು. ಎಣ್ಣೆ ರಿಂಗಿನ ಸುತ್ತಲಿನ ಸಂದನ್ನು ತಾತ್ಕಾಲಿಕವಾಗಿ ಮುಚ್ಚುವುದರಿಂದ, ಒತ್ತಡ ಏರಿದರೆ ತಪ್ಪು ರಿಂಗಿನದು. ಏರದಿದ್ದರೆ ತಪ್ಪು ಬೇರೆ ಕಡೆ ಇದೆ. ಎಲ್ಲ ಸಿಲಿಂಡರುಗಳೂ ಸಮನಾಗಿ, ತಯಾರಕರು ಹೇಳಿದ ಮಟ್ಟದಲ್ಲಿ ಒತ್ತಡ ಹಿಡಿಯುತ್ತಿದ್ದರೆ ರಿಂಗು ಬದಲಿಸಲು ಅವಸರಪಡಬೇಕಾಗಿಲ್ಲ. ನನ್ನ ಪರಿಚಯದ ಬಾಡಿಗೆ ಕಾರಿನ ಚಾಲಕರೊಬ್ಬರು ಈ ಒಂದು ಸಾಕ್ಷಿಯನ್ನು ಕೇಳಿದ್ದರಿಂದಲೇ ಮಗಳ ಮದುವೆಗೆ ಕೂಡಿಟ್ಟಿದ್ದ ಹಣವನ್ನು ಎಂಜಿನ್ನಿಗೆ ಸುರಿಯದೆ ಉಳಿಸಿಕೊಂಡರು. ಅವರ ಕಾರಿಗೆ ಬೇಕಾದದ್ದು ಎಂಟು ಟೊಪ್ಪಿಗೆಗಳು ಮಾತ್ರ.

ಇನ್ನೂ ಅಗ್ಗದ ಕಾರಣವೊಂದುಂಟು. ಅದನ್ನು ನೋಡದೆ ಮುಂದೆ ಹೋಗಬಾರದು. ರಿಂಗುಗಳು ಎಷ್ಟೇ ಬಿಗಿಯಾಗಿದ್ದರೂ ಒಂದಿಷ್ಟು ಅನಿಲ ಕೆಳಗಿನ ತೊಟ್ಟಿಗೆ ನುಸುಳುತ್ತದೆ. ಹಿಂದೆ ಅದನ್ನು ಕೊಳವೆಯೊಂದರ ಮೂಲಕ ಬಯಲಿಗೆ ಬಿಡುತ್ತಿದ್ದರು. 1960ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಕಾರುಗಳಿಂದ ಆರಂಭವಾಗಿ, ಅದನ್ನು ಒಂದು ಪುಟ್ಟ ವಾಲ್ವಿನ ಮೂಲಕ ಮತ್ತೆ ಎಂಜಿನ್ನಿಗೇ ಕಳುಹಿಸುವ ವ್ಯವಸ್ಥೆ ಬಂದಿತು. ಈ ವಾಲ್ವು ಕೊಳೆಗಟ್ಟಿ ತೆರೆದೇ ನಿಂತುಬಿಟ್ಟರೆ, ನಿಂತ ಓಟದ ನಿರ್ವಾತ ಅನಿಲದೊಡನೆ ಎಣ್ಣೆಯನ್ನೂ ಎಳೆದುಕೊಂಡು ಉರಿಸುತ್ತದೆ. ವಾಲ್ವಿನ ಬೆಲೆ ಅತ್ಯಲ್ಪ. ತೊಟ್ಟಿಗೆ ಎಣ್ಣೆಯನ್ನು ಅಳತೆ ಮೀರಿ ತುಂಬಿಸಿದ್ದರೂ ಹೀಗಾಗುವುದುಂಟು. ಅಳತೆಯ ಕಡ್ಡಿಯನ್ನು ಎಳೆದು ನೋಡಲು ಖರ್ಚೇನೂ ಇಲ್ಲವಾದರೂ ಎಷ್ಟೋ ಮಂದಿ ಅದನ್ನು ವರ್ಷಕ್ಕೊಮ್ಮೆಯೂ ನೋಡುವುದಿಲ್ಲ. ಟರ್ಬೊ ಇರುವ ಕಾರುಗಳಲ್ಲಿ ಅದರಿಂದ ಎಣ್ಣೆ ಹಿಂದಿರುಗುವ ಕೊಳವೆ ಕಟ್ಟಿಕೊಂಡಿದ್ದರೂ ನಿಂತ ಓಟದಲ್ಲಿ ನೀಲಿ ಹೊಗೆ ಬಂದೀತು.

ಹಳೆಯ ಕಾರನ್ನು ಕೊಳ್ಳಹೋಗುವವರಿಗೆ ಇಲ್ಲಿ ಒಂದು ಎಚ್ಚರಿಕೆಯ ಮಾತು. ತಾವು ಹೋಗುವ ಮೊದಲೇ ಮಾರುವವನು ಎಂಜಿನ್ನನ್ನು ಓಡಿಸಿ ಬಿಸಿಮಾಡಿಟ್ಟಿದ್ದರೆ ಬೆಳಗಿನ ನೀಲಿ ಉಸಿರು ಕಾಣಸಿಗುವುದಿಲ್ಲ. ದಪ್ಪನೆಯ ಎಣ್ಣೆ ಸುರಿದು ಹೊಗೆಯನ್ನು ನಾಲ್ಕು ದಿನ ಅಡಗಿಸುವ ವಿದ್ಯೆಯೂ ಬಳಕೆಯಲ್ಲಿದೆ. ಆದುದರಿಂದ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಕಾಫಿ ಕುಡಿದು, “ನಾಳೆ ಬೆಳಿಗ್ಗೆ ಬರುತ್ತೇನೆ, ಅಲ್ಲಿಯವರೆಗೆ ಚಾಲೂ ಮಾಡಬೇಡಿ” ಎಂದು ಹೇಳಿ ಹಿಂದಿರುಗಿ.

ನೀಲಿ ಹೊಗೆಯೆಲ್ಲವೂ ರೋಗವಲ್ಲ ಎಂಬುದನ್ನೂ ಹೇಳಬೇಕು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚುವವರೆಗೆ ಅಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳು ಎರಡು ಹೊಡೆತದ ಎಂಜಿನ್ನಿನವು. ಅವುಗಳ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕು. ಇಂದಿಗೂ ಅವನ್ನು ಮಗುವಿನಂತೆ ಸಾಕುವವರ ಅಂಗಳದಲ್ಲಿ ನೀಲಿ ಹೊಗೆ ಕಂಡರೆ ಅದು ಆ ಜಾತಿಯ ಧರ್ಮ.

ಸಿಹಿ ವಾಸನೆಯ ಬಿಳುಪು

ಇನ್ನು ಅಡಗಬೇಕಾದ ಹೊತ್ತಿಗೆ ಅಡಗದ ಬಿಳಿ ಹೊಗೆ. ಎಂಜಿನ್ ಪೂರ್ತಿ ಬಿಸಿಯಾಗಿ, ಹೊರಗೆ ಬಿಸಿಲು ಕಾಯುತ್ತಿದ್ದರೂ ಬೆಳ್ಳನೆಯ ದಟ್ಟ ಹಬೆ ಬರುತ್ತಲೇ ಇದ್ದು, ಅದರಲ್ಲಿ ಒಂದು ಬಗೆಯ ಸಿಹಿ ವಾಸನೆ ಇದ್ದರೆ ತಡಮಾಡುವಂತಿಲ್ಲ. ರೇಡಿಯೇಟರಿನ ದ್ರವ ಸಿಲಿಂಡರಿಗೆ ಸೇರುತ್ತಿದೆ. ಆ ದ್ರವದಲ್ಲಿ ಬೆರೆಸಿರುವ ಎಥಿಲೀನ್ ಗ್ಲೈಕಾಲಿನದೇ ಆ ವಾಸನೆ. ಎಂಜಿನ್ನಿನ ಮೈಗೂ ತಲೆಗೂ ನಡುವೆ ಇರುವ ತೆಳ್ಳನೆಯ ಹಾಳೆ, ಎಂದರೆ ಹೆಡ್ ಗ್ಯಾಸ್ಕೆಟ್, ಎಲ್ಲಿಯೋ ಸುಟ್ಟು ದಾರಿ ಬಿಟ್ಟಿರುತ್ತದೆ. ಬಹುಮಟ್ಟಿಗೆ ಇದಕ್ಕೆ ಮೂಲ, ಹಿಂದೊಮ್ಮೆ ರೇಡಿಯೇಟರ್ ಬರಿದಾಗಿ ಎಂಜಿನ್ ಮಿತಿಮೀರಿ ಕಾದದ್ದು. ತಲೆ ಅಲ್ಯೂಮಿನಿಯಮ್ಮಿನದಾದರೆ ಆ ಕಾವಿಗೆ ಕೊಂಚ ಸೊಟ್ಟಗಾಗುತ್ತದೆ. ಸೊಟ್ಟಗಾದ ತಲೆಯ ಕೆಳಗೆ ಯಾವ ಹಾಳೆಯೂ ಬಿಗಿಯಾಗಿ ಕೂರದು.

ಸಾಕ್ಷಿಗಳು ಬೇರೆ ಬೇರೆ ಕಡೆ ದೊರೆಯುತ್ತವೆ. ಹೊರಗೆ ಎಲ್ಲಿಯೂ ಸೋರದೆ ದ್ರವದ ಮಟ್ಟ ವಾರವಾರಕ್ಕೂ ಇಳಿಯುತ್ತದೆ. ಎಣ್ಣೆ ಸುರಿಯುವ ಮುಚ್ಚಳವನ್ನು ತಿರುಚಿ ನೋಡಿದರೆ ಒಳಗೆ ಹಾಲು ಹೆಚ್ಚಾದ ಕಾಫಿಯಂಥ ನೊರೆ ಅಂಟಿರಬಹುದು. ಕಿರುದೂರ ಮಾತ್ರ ಓಡುವ ಕಾರಿನಲ್ಲಿ ಮಳೆಗಾಲದ ತೇವದಿಂದಲೂ ಸ್ವಲ್ಪ ನೊರೆ ಕಾಣುವುದುಂಟು. ಇದೊಂದನ್ನೇ ನಂಬಿ ತೀರ್ಮಾನಕ್ಕೆ ಬರಬಾರದು. ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆದು, ಆಮೇಲೆ ಎಂಜಿನ್ನನ್ನು ನಿಂತ ಓಟದಲ್ಲಿ ಬಿಟ್ಟಾಗ ದ್ರವದಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿದ್ದರೆ ಸಿಲಿಂಡರಿನ ಅನಿಲ ಅಲ್ಲಿಗೆ ನುಗ್ಗುತ್ತಿದೆ ಎಂದರ್ಥ. ಕಾರ್ಖಾನೆಗಳಲ್ಲಿ ಇದಕ್ಕೊಂದು ನೀಲಿ ದ್ರಾವಣವಿದೆ. ರೇಡಿಯೇಟರಿನ ಬಾಯಿಯ ಗಾಳಿಯನ್ನು ಅದರ ಮೂಲಕ ಹಾಯಿಸಿದಾಗ ಇಂಗಾಲದ ಡೈ ಆಕ್ಸೈಡ್ ಇದ್ದರೆ ದ್ರಾವಣ ಹಳದಿಗೆ ತಿರುಗುತ್ತದೆ. ವಾದವಿವಾದಕ್ಕೆ ಎಡೆಯಿಲ್ಲದ ಪರೀಕ್ಷೆ.

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಮಾತ್ರ ಎಂದಿಗೂ ತೆರೆಯಕೂಡದು. ಮುಚ್ಚಳ ಒತ್ತಡವನ್ನು ಹಿಡಿದಿಟ್ಟಿರುವುದರಿಂದ ಒಳಗಿನ ದ್ರವ 100 ಡಿಗ್ರಿ ಮೀರಿದರೂ ಕುದಿಯದೆ ಇರುತ್ತದೆ. ತೆರೆದ ಕ್ಷಣದಲ್ಲಿ ಒತ್ತಡ ಇಳಿದು ದ್ರವವೆಲ್ಲ ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಆ ದ್ರವ ವಿಷವೂ ಹೌದು. ನಾಯಿ ಬೆಕ್ಕುಗಳು ಅದನ್ನು ನೆಕ್ಕಿ ಸಾಯುವುದುಂಟು. ನೆಲಕ್ಕೆ ಚೆಲ್ಲಿದ್ದರೆ ತೊಳೆದುಬಿಡಬೇಕು. ಮಕ್ಕಳಿಗೆ ಎಟಕುವ ಕಡೆ ಶೀಸೆ ಇಡಬಾರದು.

ಈ ಬಿಳಿ ಹೊಗೆಯನ್ನು ಕಂಡೂ ಇನ್ನೊಂದು ವಾರ ಓಡಿಸೋಣವೆನ್ನುವವರು ದೊಡ್ಡ ಅಪಾಯವನ್ನು ಕೊಂಡುಕೊಳ್ಳುತ್ತಾರೆ. ರಾತ್ರಿ ಸಿಲಿಂಡರಿನೊಳಗೆ ದ್ರವ ಸೋರಿ ನಿಂತಿದ್ದು, ಬೆಳಿಗ್ಗೆ ಸೆಲ್ಫ್ ಒತ್ತಿದಾಗ ಪಿಸ್ಟನ್ ಅದನ್ನು ಹಿಂಡಲು ಹೋಗುತ್ತದೆ. ಗಾಳಿಯನ್ನು ಹಿಂಡಬಹುದು, ನೀರನ್ನು ಹಿಂಡಲಾಗದು. ಬಾಗುವುದು ಪಿಸ್ಟನ್ನಿನ ಕೈ, ಎಂದರೆ ಕನೆಕ್ಟಿಂಗ್ ರಾಡ್. ಆಗ ಎಂಜಿನ್ ಇಳಿಸಬೇಕೆಂದು ಯಾರೂ ಹೇಳಬೇಕಾದ್ದಿಲ್ಲ.

ಕಪ್ಪು ಹೊಗೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಕಡಿಮೆಯಾಗಲಿ, ಪೆಟ್ರೋಲು ಹೆಚ್ಚಾಗಲಿ, ಮಸಿ ಹುಟ್ಟುತ್ತದೆ. ಮೊದಲು ಗಾಳಿ ಸೋಸುವ ಫಿಲ್ಟರನ್ನು ಬಿಸಿಲಿಗೆ ಹಿಡಿದು ನೋಡಬೇಕು. ಕಾರ್ಬುರೇಟರಿನ ಹಳೆಯ ಕಾರುಗಳಲ್ಲಿ ಚೋಕ್ ಸಿಕ್ಕಿಕೊಂಡಿರಬಹುದು, ಒಳಗಿನ ತೇಲುಬುರುಡೆ ತೂತಾಗಿರಬಹುದು. ಹೊಸ ಕಾರುಗಳಲ್ಲಿ ಇಂಜೆಕ್ಟರು ಸೋರುವುದು, ಆಮ್ಲಜನಕವನ್ನು ಅಳೆಯುವ ಸೆನ್ಸಾರ್ ಸುಳ್ಳು ಹೇಳುವುದು ಮುಖ್ಯ ಕಾರಣಗಳು. ಈ ದೋಷಗಳಲ್ಲಿ ಹೆಚ್ಚಿನವು ಎಂಜಿನ್ನಿನ ಹೊರಗಿನವು. ಡೀಸೆಲ್ ಕಾರಿನ ರೀತಿ ಕೊಂಚ ಬೇರೆ. ಬೆಳಗಿನ ಹೊತ್ತು ನಿಂತ ಓಟದಲ್ಲಿ ಕಣ್ಣು ಉರಿಸುವ ಬಿಳಿ ಹೊಗೆ ಬಂದರೆ ಅದು ನೀರಲ್ಲ, ಹೊತ್ತಿಕೊಳ್ಳದ ಡೀಸೆಲ್ಲೇ. ಸಿಲಿಂಡರನ್ನು ಮೊದಲೇ ಕಾಯಿಸುವ ಗ್ಲೋ ಪ್ಲಗ್ಗುಗಳನ್ನೂ ಇಂಜೆಕ್ಟರುಗಳನ್ನೂ ನೋಡಬೇಕು.

ಕಾಣದ ಹೊಗೆ

ಈವರೆಗೆ ಹೇಳಿದ್ದು ಹಣದ ಮಾತು. ಪ್ರಾಣದ ಮಾತು ಬೇರೆ ಇದೆ. ಅದರ ಹೊಗೆಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಪೆಟ್ರೋಲಿಗೆ ಗಾಳಿ ಸಾಲದೆ ಹೋದಾಗ ಮಸಿಯ ಜೊತೆಗೆ, ಅನೇಕ ವೇಳೆ ಮಸಿ ಕಾಣುವುದಕ್ಕೆ ಬಹಳ ಮೊದಲೇ, ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ನಮ್ಮ ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇದರ ಮೇಲೆ ಇನ್ನೂರು ಪಟ್ಟಿಗೂ ಮೀರಿದ ಒಲವು. ಬ್ರಿಟಿಷ್ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ 1890ರ ದಶಕದಲ್ಲಿ ಈ ಅನಿಲವನ್ನು ತಾನೇ ಉಸಿರಾಡಿ, ತನ್ನ ರಕ್ತವನ್ನೇ ಪರೀಕ್ಷಿಸಿ ಇದರ ವರ್ತನೆಯನ್ನು ಬರೆದಿಟ್ಟನು. ಗಣಿಗಳಿಗೆ ಪುಟ್ಟ ಹಕ್ಕಿಗಳನ್ನು ಒಯ್ದು, ಅವು ಮೊದಲು ಒರಗಿದಾಗ ಮನುಷ್ಯರು ಹೊರಗೋಡಬೇಕೆಂಬ ಸಲಹೆಯೂ ಅವನದೇ. ಉಸಿರಾಡುವ ಗಾಳಿಯ ಸಾವಿರದಲ್ಲಿ ಒಂದು ಪಾಲು ಈ ಅನಿಲವಾದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲದ ಹಳೆಯ ಕಾರಿನ ನಿಂತ ಓಟದ ಹೊಗೆಯಲ್ಲಿ ನೂರಕ್ಕೆ ಮೂರು ಪಾಲು ಇರುವುದು ಅಪರೂಪವಲ್ಲ. ಎಂದರೆ ಅದರ ಮೂವತ್ತು ಪಟ್ಟು.

ಕನ್ವರ್ಟರ್ ಇರುವ ಹೊಸ ಕಾರಿನಲ್ಲಿ ಇದು ಬಹಳ ಕಡಿಮೆ, ಆದರೆ ಕನ್ವರ್ಟರ್ ಕಾದ ಮೇಲೆ ಮಾತ್ರ. ಚಾಲೂ ಆದ ಮೊದಲ ನಿಮಿಷಗಳಲ್ಲಿ ಅದು ಇನ್ನೂ ತಣ್ಣಗಿರುತ್ತದೆ. ನೀಲಿ ಹೊಗೆಗೂ ಇದಕ್ಕೂ ಒಂದು ಸಂಬಂಧವುಂಟು. ಎಂಜಿನ್ ಎಣ್ಣೆಯಲ್ಲಿರುವ ರಂಜಕ ಕನ್ವರ್ಟರಿನ ಮೇಲೆ ಕೂತು ಅದನ್ನು ಕ್ರಮೇಣ ಕೊಲ್ಲುತ್ತದೆ. ಅದು ಬದುಕಿರುವಷ್ಟು ಕಾಲ ಸ್ವಲ್ಪ ಎಣ್ಣೆಯ ಹೊಗೆಯನ್ನು ಸುಟ್ಟು ಮರೆಮಾಚುವುದೂ ಉಂಟು. ಆದುದರಿಂದ ಹೊಸ ಕಾಲದ ಕಾರಿನಲ್ಲಿ ಹೊಗೆ ಕಾಣದಿದ್ದರೂ ಎಣ್ಣೆ ಕಡ್ಡಿಯ ಮಟ್ಟ ಸಾವಿರ ಕಿಲೋಮೀಟರಿಗೆ ಅರ್ಧ ಲೀಟರಿಗಿಂತ ಹೆಚ್ಚು ಇಳಿಯುತ್ತಿದ್ದರೆ ಪರೀಕ್ಷಿಸುವುದು ಲೇಸು.

ನಾನು ಮೇಲೆ ಹೇಳಿದ ಪರೀಕ್ಷೆಗಳನ್ನೆಲ್ಲ ಬಯಲಿನಲ್ಲಿಯೇ ಮಾಡತಕ್ಕದ್ದು. ಕಾರಿನ ಷೆಡ್ಡಿನ ಬಾಗಿಲು ತೆರೆದಿದೆ, ಎರಡೇ ನಿಮಿಷ ತಾನೇ ಎನ್ನಬಾರದು. ಸೈಲೆನ್ಸರಿನಲ್ಲಿ ತೂತಿರುವ ಕಾರನ್ನು ನಿಲ್ಲಿಸಿ, ಎಂಜಿನ್ ಓಡಿಸಿಟ್ಟು, ಗಾಜು ಏರಿಸಿ, ತಂಪು ಯಂತ್ರ ಹಾಕಿಕೊಂಡು ನಿದ್ರೆಮಾಡುವ ಚಾಲಕರು ನಮ್ಮ ಹೆದ್ದಾರಿಗಳಲ್ಲಿ ಕಾಣಸಿಗುತ್ತಾರೆ. ತಲೆನೋವು, ವಾಕರಿಕೆ, ಕೈಕಾಲುಗಳ ಬಲಹೀನತೆ ಇದರ ಮೊದಲ ಲಕ್ಷಣಗಳು. ಮಲಗಿದವನಿಗೆ ಅವು ತಿಳಿಯುವುದಿಲ್ಲ. ಹೀಗಾದವರನ್ನು ಕಂಡರೆ ಮೊದಲು ಬಯಲ ಗಾಳಿಗೆ ಎಳೆದು ತಂದು, ತಕ್ಷಣ ಆಸ್ಪತ್ರೆಗೆ ಸಾಗಿಸಬೇಕು. ಅಲ್ಲಿ ಕೊಡುವ ಆಮ್ಲಜನಕವೇ ಚಿಕಿತ್ಸೆ.

ಕಾಣದ ಈ ಅನಿಲವನ್ನು ಅಳೆಯುವ ಸಾಧನ ನಮ್ಮ ಬಂಕುಗಳ ಪಕ್ಕದಲ್ಲೇ ಇದೆ. ಹೊಗೆ ತಪಾಸಣೆಯ ಕೇಂದ್ರದಲ್ಲಿ ಪೆಟ್ರೋಲು ಕಾರಿನ ಕೊಳವೆಗೆ ಸಲಾಕೆಯನ್ನು ತೂರಿಸಿ, ನಿಂತ ಓಟದಲ್ಲಿಯೇ ಕಾರ್ಬನ್ ಮಾನಾಕ್ಸೈಡನ್ನೂ ಉರಿಯದೆ ಉಳಿದ ಹೈಡ್ರೊಕಾರ್ಬನ್ನನ್ನೂ ಅಳೆಯುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ತೀರ ಹಳೆಯ ಕಾರುಗಳಿಗೆ ಕಾರ್ಬನ್ ಮಾನಾಕ್ಸೈಡಿನ ಮಿತಿ ನೂರಕ್ಕೆ 3 ಪಾಲು. ಭಾರತ್ ಸ್ಟೇಜ್ 4 ಮತ್ತು ಅದರ ನಂತರದವಕ್ಕೆ ನೂರಕ್ಕೆ 0.3 ಪಾಲು. ಬಹುಮಂದಿ ಆ ಚೀಟಿಯನ್ನು ಪೊಲೀಸರಿಗೆ ತೋರಿಸಲೆಂದು ಮಡಚಿ ಡ್ಯಾಶ್‌ಬೋರ್ಡಿನಲ್ಲಿ ತುರುಕುತ್ತಾರೆ. ಅದರ ಮೇಲಿನ ಎರಡು ಅಂಕಿಗಳನ್ನು ಒಮ್ಮೆ ಓದಿ, ಕಳೆದ ಸಲದ ಚೀಟಿಯೊಡನೆ ಹೋಲಿಸಿ. ಎರಡೂ ಏರಿದ್ದರೆ ಎಂಜಿನ್ನಿಗೆ ಪೆಟ್ರೋಲು ಹೆಚ್ಚಾಗುತ್ತಿದೆ, ಇಲ್ಲವೇ ಕನ್ವರ್ಟರ್ ಸೋಲುತ್ತಿದೆ. ಮಾನಾಕ್ಸೈಡ್ ಇದ್ದಲ್ಲೇ ಇದ್ದು ಹೈಡ್ರೊಕಾರ್ಬನ್ ಮಾತ್ರ ಏರಿದ್ದರೆ ಯಾವುದೋ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿರಬಹುದು. ಪ್ಲಗ್ಗುಗಳನ್ನು ತೆಗೆಸಿ ನೋಡಬೇಕು. ಎಣ್ಣೆ ಕುಡಿಯುವ ಸಿಲಿಂಡರಿನ ಪ್ಲಗ್ಗು ಕಪ್ಪಗೆ ಜಿಡ್ಡಾಗಿರುತ್ತದೆ. ಪೆಟ್ರೋಲು ಹೆಚ್ಚಾದದ್ದರದು ಕಪ್ಪಾದರೂ ಒಣ ಮಸಿ, ಬೆರಳಿಗೆ ಹತ್ತುತ್ತದೆ. ರೇಡಿಯೇಟರಿನ ದ್ರವ ಸೇರುವ ಸಿಲಿಂಡರಿನದು ಮಾತ್ರ ಹಬೆಯಲ್ಲಿ ತೊಳೆದಂತೆ ಉಳಿದ ಮೂರಕ್ಕಿಂತ ಶುಭ್ರವಾಗಿ ಹೊಳೆಯುತ್ತಿರುತ್ತದೆ.